ಸದ್ದಿಲ್ಲದ ಬಿಲ್ಲು, ಕೆಂಗೇರಿಯ ಮಾವ

ಕೆಂಗೇರಿ ಉಪನಗರದ ನನ್ನ ಸೋದರಮಾವನ ಮನೆಯ ಅಟ್ಟದ ಮೇಲೆ, ಹಳೇ ಬೆಡ್‌ಶೀಟ್‌ನಲ್ಲಿ ಸುತ್ತಿಟ್ಟ ಒಂದು ಬಿಲ್ಲಿತ್ತು. ಚಿಕ್ಕವನಿದ್ದಾಗ ಮುಟ್ಟಿದರೆ ಕೈಗೆ ಏಟು ಬೀಳುತ್ತಿತ್ತು. ಹೋದ ವರ್ಷ ಆಯುಧಪೂಜೆಗೆ ಹೋದಾಗ ಅತ್ತೆ, "ನಿಮ್ಮಾವನಿಗೆ ಈಗ ಭುಜ ಎತ್ತೋಕಾಗಲ್ಲ. ಯಾರಿಗಾದ್ರೂ ಕೊಟ್ಬಿಡ್ತೀನಿ ಅಂತಾರೆ, ನೀನೇ ತಗೊಂಡ್ ಹೋಗೋ" ಅಂದರು.

ಮೆಟ್ರೊದಲ್ಲಾದರೆ ಕೆಂಗೇರಿಯಿಂದ ವಿಜಯನಗರಕ್ಕೆ ಅರ್ಧ ಗಂಟೆಯೂ ಬೇಡ. ಆದರೆ ಬಿಲ್ಲು ಹಿಡಿದು ಸೆಕ್ಯುರಿಟಿ ಚೆಕ್ ಮುಂದೆ ನಿಲ್ಲುವ ಧೈರ್ಯ ಆಗಲಿಲ್ಲ. ಬೈಕಿಗೇ ಕಟ್ಟಿಕೊಂಡು ಹೊರಟೆ. ನಾಯಂಡಹಳ್ಳಿ ಸಿಗ್ನಲ್‌ನಲ್ಲಿ ಪಕ್ಕದ ಆಟೊದವರು "ಏನ್ ಸಾರ್, ಸೀತಾ ಸ್ವಯಂವರಾನಾ?" ಅಂತ ಕೇಳಿಯೇಬಿಟ್ಟರು.

ಮನೆಗೆ ಬಂದು ಬಿಚ್ಚಿ ನೋಡಿದೆ. ತುದಿಗಳು ಮುಂದಕ್ಕೆ ಬಾಗಿದ, 60 ಇಂಚಿನ ರಿಕರ್ವ್ ಬಿಲ್ಲು. ಸೆಳೆತ 45 ಪೌಂಡ್. ಮೇಲೆ 'ಗ್ರೇಲಿಂಗ್, ಮಿಷಿಗನ್' ಅಂತ ಅಚ್ಚು. ಅಮೆರಿಕದ ಬೇರ್ ಆರ್ಚರಿ ಕಂಪನಿ 1978ರಲ್ಲಿ ಫ್ಲಾರಿಡಾಕ್ಕೆ ಹೋಯಿತು. ಹಾಗಾಗಿ ಇದು ಅದಕ್ಕೂ ಹಿಂದಿನದು. ಟ್ರೇನಿಂಗ್‌ಗೆಂದು ಅಮೆರಿಕಕ್ಕೆ ಹೋಗಿದ್ದ ಮಾವ ತಂದದ್ದು. 52 ವರ್ಷಗಳ ನಂತರ, 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಬಿಲ್ಲುಗಾರಿಕೆ ಮರಳಿ ಬಂದಿತ್ತು. ಮರುವರ್ಷ ಭಾರತದ ಆರ್ಚರಿ ಸಂಸ್ಥೆ ಹುಟ್ಟಿತ್ತು. ಅದೇ ಹುರುಪಿನ ಕಾಲ ಅದು.

ಬಿಲ್ಲನ್ನು ಕಾಲಿನ ಮಧ್ಯೆ ಸಿಕ್ಕಿಸಿ, ಬಗ್ಗಿಸಿ, ಹೆದೆ ಏರಿಸಿದೆ. ಟೆರೇಸ್ ಮೇಲೆ ನಿಂತು ಒಂದು ಫೋಟೊ ತೆಗೆದು ಮಾವನಿಗೆ ವಾಟ್ಸಾಪ್ ಮಾಡಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: "ಹೆದೆ ಇಳಿಸು. ಬಾಣ ಬಿಡಬೇಡ. ಭಾನುವಾರ ಬಿಲ್ಲು ತಗೊಂಡು ಬಾ."

ಮಾವನಿಗೆ ಕಿವಿ ಕೇಳಿಸುವುದಿಲ್ಲ. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಪ್ರೆಸ್ ಶಾಪ್‌ನಲ್ಲಿ ಮೂವತ್ತು ವರ್ಷ ದುಡಿದವರು. ತಗಡು ಒತ್ತುವ ಯಂತ್ರಗಳ ಏಟಿಗೆ ಕಿವಿ ಸ್ವಲ್ಪ ಸ್ವಲ್ಪವಾಗಿ ಹೋಯಿತು. ಹಿಯರಿಂಗ್ ಏಡ್ ಹಾಕಿಕೊಂಡರೂ ಮಾತು ಗಲಿಬಿಲಿ. ಮದುವೆ, ಮುಂಜಿಗಳಲ್ಲಿ ಮೂಲೆಯ ಕುರ್ಚಿ ಹಿಡಿದು ಕೂತುಬಿಡುತ್ತಾರೆ. ನಾವೂ ನಮಸ್ಕಾರ ಮಾಡಿ ಮುಂದೆ ಹೋಗುತ್ತೇವೆ. ನಿಜ ಹೇಳಬೇಕೆಂದರೆ, ಹತ್ತು ವರ್ಷಗಳಲ್ಲಿ ನಾನವರ ಜೊತೆ ಹತ್ತು ನಿಮಿಷ ಕೂತು ಮಾತಾಡಿರಲಿಲ್ಲ.

ಭಾನುವಾರ ಮೊದಲು ಬೈಗುಳ. "ಕಾಲಲ್ಲಿ ಬಗ್ಗಿಸಿದ್ರೆ ಲಿಂಬ್ ತಿರುಚಿಕೊಳ್ಳುತ್ತೆ ಕಣೋ. ಐವತ್ತು ವರ್ಷದ ಮರ ಅದು!" ಲಿಂಬ್ ಅಂದರೆ ಬಿಲ್ಲಿನ ಎರಡು ತೋಳು. ಎರಡೂ ತುದಿಗೆ ಸಿಕ್ಕಿಸುವ ಹಗ್ಗವೊಂದನ್ನು ತೆಗೆದು, ಅದನ್ನು ಮೆಟ್ಟಿ, ಹಿಡಿಯನ್ನು ಮೇಲಕ್ಕೆತ್ತಿ ಹೆದೆ ಏರಿಸುವುದನ್ನು ತೋರಿಸಿದರು. ಅದಕ್ಕೂ ಮುಂಚೆ ಹತ್ತಿಯ ಉಂಡೆಯಿಂದ ತೋಳುಗಳನ್ನು ಪೂರ್ತಿ ಸವರಿದರು. ಸೀಳು ಇದ್ದರೆ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಎಲ್ಲೂ ಸಿಕ್ಕಲಿಲ್ಲ. ಇಬ್ಬರೂ ಉಸಿರು ಬಿಟ್ಟೆವು.

ಟೆರೇಸ್‌ನಲ್ಲಿ ಹೊಡೀಬಹುದಾ ಅಂತ ಫೋನಲ್ಲಿ ಟೈಪ್ ಮಾಡಿ ತೋರಿಸಿದೆ. "ಪಕ್ಕದ್ಮನೆಯವರು ಬಟ್ಟೆ ಒಣಗಿಸ್ತಿರ್ತಾರೆ. ಒಂದು ಬಾಣ ತಪ್ಪಿದ್ರೆ? ಕತ್ತೆ" ಅಂದರು. ಮಾತು ಮುಗಿಯಿತು.

ಕುಂಬಳಗೋಡು ದಾಟಿದ ಮೇಲೆ ಅತ್ತೆಯ ತಮ್ಮನದೊಂದು ಮಾವಿನ ತೋಪಿದೆ. ಹಿಂದೆ ಆಳೆತ್ತರದ ಮಣ್ಣಿನ ದಿಬ್ಬ, ಅದರಾಚೆ ಯಾರೂ ಓಡಾಡುವುದಿಲ್ಲ. ಒಂದೇ ತೊಂದರೆ: ಪಕ್ಕದಲ್ಲೇ ದನದ ಕೊಟ್ಟಿಗೆ. ಮೊದಲ ಬಾಣಕ್ಕೇ ಬಿಲ್ಲು 'ಠಣ್' ಅಂತು. ಕರು ಹಗ್ಗ ಜಗ್ಗಿತು. "ಹಾಲು ಕರೆಯೋ ಹೊತ್ತಲ್ಲಿ ಇದೇನು ಸ್ವಾಮಿ" ಅಂತ ತೋಪಿನವರು ಮುಖ ಗಂಟಿಕ್ಕಿದರು.

ನಮ್ಮ ಪುರಾಣ, ಯಕ್ಷಗಾನಗಳಲ್ಲಿ ಬಿಲ್ಲಿಗೆ ಸದ್ದೇ ಭೂಷಣ. ಧನುಷ್ಟಂಕಾರಕ್ಕೆ ದಿಕ್ಕುಗಳು ನಡುಗಬೇಕು. ಮಾವನ ಲೆಕ್ಕವೇ ಬೇರೆ. ಸದ್ದು ಅಂದರೆ ಪೋಲಾದ ಶಕ್ತಿ. ಬಾಣಕ್ಕೆ ಸೇರದೆ ಉಳಿದದ್ದು ಬಿಲ್ಲಿನಲ್ಲೇ ನಡುಕವಾಗಿ ಉಳಿದು ಠಣ್ ಅನ್ನುತ್ತದೆ. ಬಾಣ ಹಗುರವಾದಷ್ಟೂ ನಡುಕ ಜಾಸ್ತಿ. ಬಾಣವೇ ಇಲ್ಲದೆ ಹೆದೆ ಬಿಟ್ಟರೆ ಬಿಲ್ಲೇ ಮುರಿಯಬಹುದು.

ಹೊಸ ಕಾಲದ ಗಡುಸು ಹೆದೆ ಹಳೇ ಬಿಲ್ಲಿನ ತುದಿಗಳನ್ನು ಸೀಳಬಹುದು. ಅದಕ್ಕೇ ಸ್ವಲ್ಪ ಹಿಗ್ಗುವ ಡೆಕ್ರಾನ್ ಹೆದೆಯನ್ನೇ ತರಿಸಿದೆವು. ಬಿಲ್ಲಿಗಿಂತ ಸುಮಾರು 4 ಇಂಚು ಗಿಡ್ಡ. ಪೌಂಡಿಗೆ 10 ಗ್ರೇನ್ ಲೆಕ್ಕದಲ್ಲಿ 450 ಗ್ರೇನ್, ಅಂದರೆ ಸುಮಾರು 29 ಗ್ರಾಂ ತೂಕದ ಬಾಣ. ಹೆದೆ ತೋಳಿಗೆ ಬಡಿಯುವ ಜಾಗಕ್ಕೆ ವೆಲ್ವೆಟ್ ಪಟ್ಟಿ ಅಂಟಿಸಿದೆವು. ಅತ್ತೆಯ ಹಳೇ ಸ್ವೆಟರ್‌ನ ಉಣ್ಣೆ ಬಿಚ್ಚಿ, ಹೆದೆಯ ಮೇಲೂ ಕೆಳಗೂ ಎರಡು ಕುಚ್ಚು ಕಟ್ಟಿದೆವು. "ನಾನು ಮದುವೆ ಹೊಸದರಲ್ಲಿ ಹೆಣೆದಿದ್ದು" ಅಂತ ಅತ್ತೆ ಗೊಣಗಿದರೂ ಕತ್ತರಿ ಕೊಟ್ಟವರು ಅವರೇ.

ಉಳಿದದ್ದು ಬ್ರೇಸ್ ಹೈಟ್. ಹಿಡಿಯಿಂದ ಹೆದೆಗಿರುವ ದೂರ. ಇಂಥ ಬಿಲ್ಲಿಗೆ ಸಾಮಾನ್ಯವಾಗಿ 7.5ರಿಂದ 8.5 ಇಂಚು. ಹೆದೆಗೆ ಹುರಿ ಹಾಕಿದರೆ ದೂರ ಹೆಚ್ಚುತ್ತದೆ, ಬಿಚ್ಚಿದರೆ ಇಳಿಯುತ್ತದೆ. ಎಷ್ಟಕ್ಕೆ ಸದ್ದು ಕಮ್ಮಿಯೋ ಅದೇ ಸರಿ. ಆದರೆ ಇದನ್ನು ಕಿವಿಯಿಂದ ಹುಡುಕಬೇಕಲ್ಲ? ಕೇಳಲು ಸಂಕೋಚವಾಯಿತು. ಅವರೇ ನಕ್ಕು, "ಶಬ್ದವೇಧಿ ವಿದ್ಯೆ ನನ್ನಿಂದಾಗಲ್ಲಪ್ಪ" ಅಂತ ಬಿಲ್ಲು ಹಿಡಿದ ನನ್ನ ಮುಷ್ಟಿಯ ಮೇಲೆ ತಮ್ಮ ಅಂಗೈ ಇಟ್ಟರು.

ನಾಲ್ಕು ಬಾಣ, ಮೂರು ಹುರಿ. ಮತ್ತೆ ನಾಲ್ಕು ಬಾಣ, ಮತ್ತೆ ಮೂರು ಹುರಿ. ಹೀಗೆ ಮೂರು ಭಾನುವಾರ. ಹೊಸ ಹೆದೆ ಹಿಗ್ಗುತ್ತದೆ, ಪ್ರತಿ ಸಲ ಅಳೆಯಬೇಕು. ಮಧ್ಯೆ ಮಧ್ಯೆ ಪ್ರೆಸ್ ಶಾಪ್ ಕತೆ, ಅಮೆರಿಕದ ಚಳಿಯ ಕತೆ, ನಮ್ಮಮ್ಮ ಚಿಕ್ಕವಳಿದ್ದಾಗ ಇದೇ ಬಿಲ್ಲು ಎಳೆಯೋಕೆ ಹೋಗಿ ಬಿದ್ದ ಕತೆ. ಯಾವುದೂ ನನಗೆ ಗೊತ್ತಿರಲಿಲ್ಲ.

ಮೂರನೇ ಭಾನುವಾರ 8 ಇಂಚು ದಾಟಿ ಒಂದೆಳೆ ಮೇಲೆ ಬಾಣ ಬಿಟ್ಟೆ. ನನಗೆ ಹಿಂದಿನದಕ್ಕಿಂತ ವ್ಯತ್ಯಾಸವೇನೂ ಕೇಳಿಸಲಿಲ್ಲ. ಮಾವ ಮಾತ್ರ ಅಂಗೈ ತೆಗೆಯಲಿಲ್ಲ. "ಇನ್ನೊಂದು" ಅಂದರು. ಬಿಟ್ಟೆ. "ಸುಮ್ಮನಾಯ್ತು ನೋಡು" ಅಂದರು. ಕೊಟ್ಟಿಗೆ ಕಡೆ ತಿರುಗಿದೆ. ಕರು ಮೆಲುಕು ಹಾಕುತ್ತಾ ಮಲಗಿತ್ತು.

ಬಿಲ್ಲನ್ನು ವಿಜಯನಗರಕ್ಕೆ ವಾಪಸ್ ತರಲಿಲ್ಲ. ಹೆದೆ ಇಳಿಸಿ, ಅದೇ ಬೆಡ್‌ಶೀಟ್ ಸುತ್ತಿ, ಮಾವನ ಮನೆಯ ಅಟ್ಟದ ಮೇಲೇ ಇಟ್ಟೆ. ಅಲ್ಲಿದ್ದರೆ ತಾನೇ ಭಾನುವಾರ ಕೆಂಗೇರಿಗೆ ಹೋಗೋಕೆ ಕಾರಣ ಸಿಗೋದು!