ಶಿಕ್ಷೆಯ ಚೌಕಾಶಿ

1977ರಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ 13 ವರ್ಷದ ಬಾಲಿಕೆಯ ಮೊಕದ್ದಮೆಯೊಂದರಲ್ಲಿ ಚಲಚ್ಚಿತ್ರ ನಿರ್ದೇಶಕ ರೋಮನ್ ಪೊಲಾನ್ಸ್ಕಿಯು ಆರು ಆರೋಪಗಳ ಪೈಕಿ ಒಂದನ್ನು ಮಾತ್ರ ಒಪ್ಪಿಕೊಂಡನು. ಮಿಕ್ಕವನ್ನು ಕೈಬಿಡುವುದೆಂದು ಒಡಂಬಡಿಕೆ. ಶಿಕ್ಷೆಯ ಪ್ರಮಾಣವು ನ್ಯಾಯಾಧೀಶರ ವಿವೇಚನೆಗೆ ಸೇರಿದ್ದು. ಅವರು ಕಠಿನರಾಗುವರೆಂಬ ಸುಳಿವು ಸಿಕ್ಕೊಡನೆ, 1978ರಲ್ಲಿ ಅವನು ಫ್ರಾನ್ಸಿಗೆ ಓಡಿಹೋದನು.

ನ್ಯಾಯಾಧೀಶರದೇ ಸರಿಯೆಂದು ನಾವು ಊಟದ ಹೊತ್ತಿನಲ್ಲಿ ವಾದಿಸಿದೆವು. (ಊಟಕ್ಕೆ ತಕ್ಕ ಮಾತಲ್ಲ, ನಿಜ.) ನಮ್ಮ ಮನೆಯವರು ಬಡಿಸುವ ಕೈ ತಡೆದು, “ಮಗುವನ್ನು ಕಟಕಟೆ ಹತ್ತಿಸಬಾರದೆಂದೇ ಆ ಹುಡುಗಿಯ ಕಡೆಯವರು ಒಡಂಬಡಿಕೆಯನ್ನು ಬಯಸಿದರೆಂದು ನೀವೇ ಓದಿ ಹೇಳಿದಿರಲ್ಲವೇ? ನಮ್ಮ ಹುಡುಗಿಯಾಗಿದ್ದರೆ?” ಎಂದರು. ನಾವು ನಿರುತ್ತರರಾದೆವು.

ನಮ್ಮ ದೇಶದಲ್ಲಿ 2006ರಲ್ಲಿ ಇಂತಹ ಚೌಕಾಶಿಗೆ ಅವಕಾಶವಾದಾಗ 14 ವರ್ಷದೊಳಗಿನ ಮಕ್ಕಳ ಮೇಲಣ ಅಪರಾಧಗಳನ್ನು ಹೊರಗಿಟ್ಟರು. 2012ರ ಪೋಕ್ಸೋ ಕಾಯಿದೆಯಂತೆ ಆರೋಪಿಯು ಮಗುವಿನ ಕಣ್ಣಿಗೆ ಬೀಳದಂತೆ ಸಾಕ್ಷ್ಯ ಪಡೆಯುವರೆಂದೂ ತಿಳಿಸಿದೆವು.

“ಆದರೂ ಹೇಳಬೇಕಾದುದು ಆ ಮಗುವೇ” ಎಂದು ಮಜ್ಜಿಗೆ ಬಡಿಸಿದರು.