ಪೂಜೆಯಾದ ಮೇಲೆ ದೋಸೆ

ಕಳೆದ ಬೇಸಿಗೆಯ ರಜೆಗೆ ಬೆಂಗಳೂರಿನಿಂದ ಬಂದ ಆರು ವರ್ಷದ ಮೊಮ್ಮಗ ಮೊದಲ ದಿನವೇ ಬೆಣ್ಣೆದೋಸೆ ಬೇಕೆಂದು ಹಟ ಹಿಡಿದನು. ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲಿ ಇಷ್ಟಲಿಂಗ ಪೂಜೆ ಮುಗಿಯದೆ ಹಿರಿಯರು ಏನನ್ನೂ ಸೇವಿಸುವುದಿಲ್ಲ. ಮಕ್ಕಳಿಗೆ ಹಾಲಿನ ವಿನಾಯಿತಿ ಉಂಟು. "ಪೂಜೆ ಮುಗಿಯಲಿ, ಹೋಗೋಣ" ಎಂದೆ. "ಅಪ್ಪಾನೂ ಹಿಂಗೇ ಹೇಳ್ತಾರೆ ಅಜ್ಜ, ಆಮೇಲೆ ಕರ್ಕೊಂಡು ಹೋಗಲ್ಲ" ಎಂದನು. ವಿಭೂತಿ ಹಿಡಿದ ಕೈ ಹಾಗೆಯೇ ನಿಂತಿತು.

ನನ್ನ ತಂದೆಯವರು ಊರಿನ ಹತ್ತಿ ಗಿರಣಿಯೊಂದರಲ್ಲಿ ದುಡಿಯುತ್ತಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವದು. ಕೈಗಡಿಯಾರ ಬೇಕೆಂದಾಗ, "ಎಸ್ಸೆಸ್ಸೆಲ್ಸಿ ಪಾಸಾಗು, ಕೊಡಿಸುತ್ತೇನೆ" ಎಂದಿದ್ದರು. ಎರಡು ವರ್ಷ ಕಾದೆ. 1968ರಲ್ಲಿ ಫಲಿತಾಂಶ ಬಂದ ಸಂಜೆಯೇ ಎಚ್‌ಎಂಟಿ ಗಡಿಯಾರ ನನ್ನ ಕೈಯಲ್ಲಿತ್ತು. ಅದಕ್ಕಾಗಿ ಅವರು ಎರಡು ದೀಪಾವಳಿಗಳಲ್ಲಿ ಹೊಸ ಪಂಚೆ ಕೊಳ್ಳಲಿಲ್ಲವೆಂಬುದನ್ನು ಅವ್ವ ಬಹಳ ಕಾಲದ ಮೇಲೆ ಹೇಳಿದಳು.

ನಾನು ತಂದೆಯಾದಾಗ ನಡೆದದ್ದು ಬೇರೆ. 1994ರಲ್ಲಿ ನನ್ನ ಮಗ ಸೈಕಲ್ಲಿಗೆಂದು ಒಂದೂವರೆ ವರ್ಷ ಮಣ್ಣಿನ ಹುಂಡಿಯಲ್ಲಿ ಚಿಲ್ಲರೆ ಕೂಡಿಸಿದ್ದನು. ಕಡಿಮೆ ಬಿದ್ದುದನ್ನು ನಾನು ಸೇರಿಸುವೆನೆಂದು ಮಾತು ಕೊಟ್ಟಿದ್ದೆ. ಇದ್ದ ಮನೆಯ ಜೊತೆಗೆ ಇನ್ನೊಂದು ನಿವೇಶನ ಹಿಡಿದಿದ್ದೆ; ಅದರ ಕಂತಿಗೆ ಹಣ ಸಾಲದೆ ಹುಂಡಿಯನ್ನು ಒಡೆದೆ. "ಬರುವ ವರ್ಷ ನೋಡೋಣ" ಎಂದೆ. ಹುಡುಗ ಅಳಲಿಲ್ಲ. ಹೊಸ ಹುಂಡಿ ತಂದುಕೊಟ್ಟರೂ ಅದರಲ್ಲಿ ಒಂದು ಕಾಸನ್ನೂ ಹಾಕಲಿಲ್ಲ. ಸೈಕಲ್ಲು ಬರಲೇ ಇಲ್ಲ.

ಇಂದು ಅವನ ಮನೆಯ ಪ್ರತಿಯೊಂದು ವಸ್ತುವೂ ಕಂತಿನದು. ಸಂಯಮವಿಲ್ಲವೆಂದು ನಾನು ಎಷ್ಟು ಸಲ ಉಪದೇಶಿಸಿದ್ದೇನೋ ಲೆಕ್ಕವಿಲ್ಲ. ಅಮೆರಿಕದ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞರು ಮಿಠಾಯಿಯನ್ನು ಮುಂದಿಟ್ಟು, ಕಾದರೆ ಎರಡು ಕೊಡುವುದಾಗಿ ಮಕ್ಕಳಿಗೆ ಹೇಳಿ ನಡೆಸಿದ ಪ್ರಯೋಗದ ದೃಷ್ಟಾಂತವನ್ನೂ ಕೊಡುತ್ತಿದ್ದೆ. ಕಾದವರೇ ಮುಂದೆ ಬಂದರೆಂದು ಎಲ್ಲರೂ ಹೇಳುವ ಕಥೆಯದು. ಆದರೆ 2018ರಲ್ಲಿ ಒಂಬೈನೂರಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಪರಿಶೀಲಿಸಿದಾಗ ಆ ಸಂಬಂಧ ಅರ್ಧಕ್ಕಿಳಿಯಿತು. ಮನೆಯ ಸ್ಥಿತಿಗತಿಯನ್ನು ಗಣಿಸಿದಾಗ ಇನ್ನೂ ಕುಗ್ಗಿತು. ಅದಕ್ಕೂ ಮೊದಲೇ, 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 28 ಮಕ್ಕಳಿದ್ದರು. ಚಿತ್ರ ಬರೆಯಲು ಒಳ್ಳೆಯ ಸಾಮಗ್ರಿ ತರುವುದಾಗಿ ಹೇಳಿ ಅರ್ಧ ಮಕ್ಕಳಿಗೆ ತಂದುಕೊಟ್ಟರು. ಉಳಿದವರಿಗೆ ಮಾತು ತಪ್ಪಿದರು. ಆಮೇಲೆ ಮಿಠಾಯಿಯ ಸರದಿ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದವು. ಇನ್ನುಳಿದವು ಮೂರು ನಿಮಿಷ. ಇದನ್ನು ಓದಿದ ದಿನ ನನಗೆ ಕಣ್ಣೆದುರು ಬಂದದ್ದು ಒಡೆದ ಹುಂಡಿಯ ಚೂರುಗಳು.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವು ಸಭೆಗಳಲ್ಲಿ ಉಳಿತಾಯದ ಪಾಠವೆಂಬಂತೆ ಹೇಳುವುದುಂಟು. ಅದು ನನಗೆ ಸರಿಕಾಣದು. ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಮರಳಿ ಸುರಿದು ಬರಲು ಹೇಳಿದ ತಾಯಿ ಆಕೆ. ನಾಳೆಗೆ ಕೂಡಿಡು ಎಂದವಳಲ್ಲ. ನನ್ನ ಎರಡನೆಯ ನಿವೇಶನವನ್ನು ಆಕೆ ಏನೆನ್ನುತ್ತಿದ್ದಳೋ!

ಅಂದು ಮೊಮ್ಮಗನಿಗೆ ಗಡಿಯಾರ ತೋರಿಸಿ, "ದೊಡ್ಡ ಮುಳ್ಳು ಆರಕ್ಕೆ ಬಂದಾಗ ಏಳುತ್ತೇನೆ" ಎಂದೆ. ಮುಳ್ಳು ಆರಕ್ಕೆ ಬಂದಾಗ ಎದ್ದೆ, ದೋಸೆಗೆ ಹೋದೆವು. ಮರುದಿನ ಕರೆಯದೆಯೇ ಬಂದು ಪಕ್ಕದಲ್ಲಿ ಕುಳಿತನು. ನಾಲ್ಕಾರು ಸಲ ಗಡಿಯಾರ ನೋಡಿದನು, ಅಷ್ಟೆ. ಅವನ ಅಪ್ಪನಿಗೆ ಹೇಳಬೇಕಾದ ಮಾತನ್ನು ಇನ್ನೂ ಹೇಳಿಲ್ಲ. ಬರುವ ಭಾನುವಾರ ಅವನು ಬರುತ್ತಾನೆ.