ಮೂರನೆಯವನ ಕಿವಿ

ಹೆಸರಿನ ಹುಟ್ಟಿಗೆ ಹೇಳುವ ಕತೆ ತೀರಾ ಅಂದವಾಗಿದ್ದರೆ ನನಗೆ ಅಲ್ಲೇ ಅನುಮಾನ ಶುರು. ಫ್ರಾನ್ಸಿನ ಉತ್ತರ ತುದಿಯ ಲೀಲ್ ಸೀಮೆಯವರಿಗೆ 'ಶ್ತಿಮಿ' ಎಂಬ ಹೆಸರಿದೆ; ಮೊಟಕಾಗಿ 'ಶ್ತಿ'. ಮೊದಲ ಮಹಾಯುದ್ಧದ ಕಂದಕದ ಕತ್ತಲಲ್ಲಿ ಕಾವಲಿನವನು 'ಶೆ ತಿ?' (ನೀನೇನಾ?) ಎಂದನಂತೆ, ಬಂದವನು 'ಶೆ ಮಿ' (ನಾನೇ) ಎಂದನಂತೆ, ಅದೇ ಹೆಸರಾಯಿತಂತೆ. ಇಬ್ಬರೂ ಉತ್ತರದವರೇ ಆದರೆ ಅವರಿಗೆ ಅದರಲ್ಲೇನು ವಿಶೇಷ? ಹೆಸರಿಡಲು ಪಕ್ಕದಲ್ಲೊಬ್ಬ ಮೂರನೆಯವನು ಬೇಕು. ಉಳಿದ ಫ್ರೆಂಚರು 'ಸ' ಎನ್ನುವಲ್ಲಿ ಈ ಸೀಮೆಯ ಪಿಕಾರ್ ನುಡಿಯವರು 'ಶ' ಎನ್ನುತ್ತಾರೆ, 'ಮ್ವಾ' (ನಾನು), 'ತ್ವಾ' (ನೀನು) ಅವರ ಬಾಯಲ್ಲಿ 'ಮಿ', 'ತಿ' ಆಗುತ್ತವೆ. 'ಶ್ತಿ' ಎಂದರೆ 'ಆತ' ಎಂಬ ಅರ್ಥವೂ ಅಲ್ಲಿದೆ. ಇಷ್ಟು ಕಿವಿಗೆ ಬಿದ್ದರೆ ಸಾಕು, ಕಾವಲುಗಾರನ ಕತೆ ಬೇಕಿಲ್ಲ.

ಮಾತಿನ ಚಾಳಿ ಹೆಸರಾಗುವುದು ಹೊಸದೂ ಅಲ್ಲ. ಹಿಂದೆ ದಕ್ಷಿಣ ಫ್ರಾನ್ಸಿನವರು ಹೌದು ಎನ್ನಲು 'ಓಕ್' ಎನ್ನುತ್ತಿದ್ದರು, ಉತ್ತರದವರು 'ಓಯಿಲ್'; ಇಂದಿನ 'ವೀ' ಅದರದೇ ಸಂತಾನ. ಕವಿ ಡಾಂಟೆ ಇಟಲಿಯ 'ಸಿ'ಯನ್ನೂ ಸೇರಿಸಿಕೊಂಡು ಈ ನುಡಿಗಳನ್ನು ಅವುಗಳ 'ಹೌದು'ಗಳಿಂದಲೇ ಗುರುತಿಸಿದ. ಕೊನೆಗೆ ಸೀಮೆಗೆ ಸೀಮೆಯೇ ಲಾಂಗ್‌ದೊಕ್, ಅಂದರೆ 'ಓಕ್ ನುಡಿ' ಎಂದಾಗಿ, ಒಪ್ಪಿಗೆಯ ಶಬ್ದವೊಂದಕ್ಕೆ ಭೂಪಟದಲ್ಲಿ ಜಾಗ ಸಿಕ್ಕಿತು. ಅರ್ಜೆಂಟೀನಾದವರು ಮಾತುಮಾತಿಗೆ ಹಚ್ಚುವ 'ಚೆ', ನಮ್ಮ 'ಮಾರಾಯ' ಇದ್ದ ಹಾಗೆ, ಕ್ಯೂಬಾದ ಗೆಳೆಯರ ಬಾಯಲ್ಲಿ ಕ್ರಾಂತಿಕಾರಿ ಗೆವಾರನ ಹೆಸರೇ ಆಯಿತು. ಅರ್ಜೆಂಟೀನಾದಲ್ಲೇ ಕೂತಿದ್ದರೆ ಯಾರು ಅವನನ್ನು ಹಾಗೆ ಕರೆಯುತ್ತಿದ್ದರು? ಅಲ್ಲಿ ಎಲ್ಲರೂ ಚೆಗಳೇ.

'ಶ್ತಿಮಿ' ಎಂಬುದು ಬರೀ ಗೇಲಿಯಲ್ಲವೇ, ಗೇಲಿಯನ್ನು ಯಾರಾದರೂ ಹೊತ್ತು ತಿರುಗುತ್ತಾರೆಯೇ ಎಂದು ಕೇಳಬಹುದು. ಗೇಲಿಯೇ, ನಿಜ. ಆದರೆ 1914ರ ಅಕ್ಟೋಬರಿನಿಂದ 1918ರ ಅಕ್ಟೋಬರಿನವರೆಗೆ ಲೀಲ್ ಜರ್ಮನ್ನರ ಕೈಯಲ್ಲಿತ್ತು. ಉಳಿದ ಸೈನಿಕರು ರಜೆ ಸಿಕ್ಕಾಗ ಮನೆಗೆ ಹೋದರೆ, ಆ ಕಡೆಯವರಿಗೆ ಹೋಗಲು ಊರೇ ಇರಲಿಲ್ಲ. ಅಂಥವರಿಗೆ ಊರಿನ ಮಾತನ್ನು ನೆನಪಿಸುವ ಅಡ್ಡಹೆಸರು ಅಷ್ಟೇನೂ ಕಹಿಯಾಗಿರಲಾರದು. 2008ರಲ್ಲಿ ಇದೇ ಹೆಸರಿಟ್ಟು ದಾನಿ ಬೂನ್ ಮಾಡಿದ ಹಾಸ್ಯಚಿತ್ರಕ್ಕೆ ಫ್ರಾನ್ಸಿನಲ್ಲಿ 2 ಕೋಟಿಗೂ ಹೆಚ್ಚು ಟಿಕೆಟ್ ಬಿಕರಿಯಾದವು. ನಮ್ಮದು ಪಿಕಾರ್, ಅದನ್ನು ಒಂದು 'ಶ'ಕಾರಕ್ಕೆ ಇಳಿಸಬೇಡಿ ಎಂದು ಮುನಿಯುವವರೂ ಅಲ್ಲಿದ್ದಾರೆ; ಅವರ ಮಾತು ನ್ಯಾಯವೇ. ಆದರೇನು, ಅವರ ಸೀಮೆಯ ಬಿಯರ್ ಬಾಟಲಿಗೆ 'ಶ್ತಿ' ಎಂಬ ಲೇಬಲ್ ಅಂಟಿಸಿದವರೂ ಅಲ್ಲಿನವರೇ.